ಮನೆಗಂದಾಯದ ವಾದವೂ ಗ್ರಂಥಾಲಯದ ನಿಕ್ಷೇಪವೂ

ಚೈತ್ರಮಾಸ ಬಂದಿತೆಂದರೆ ಪಟ್ಟಣವಾಸಿಗಳ ಮನೆಗಳಲ್ಲಿ ಬೇವುಬೆಲ್ಲದ ಬೆನ್ನಿಗೇ ಮನೆಗಂದಾಯದ ಮಾತು ಬರುತ್ತದೆ. ಏಪ್ರಿಲ್ ತಿಂಗಳು ಮುಗಿಯುವುದರೊಳಗೆ ಹಣ ಕಟ್ಟಿದವರಿಗೆ ನೂರಕ್ಕೆ 5ರಂತೆ ರಿಯಾಯಿತಿ ದೊರೆಯುವುದರಿಂದ, ಲೆಕ್ಕ ಬಲ್ಲ ಗೃಹಸ್ಥರು ಆ ತಿಂಗಳನ್ನು ತಪ್ಪಿಸಿಕೊಳ್ಳುವುದಿಲ್ಲ. ಹಿಂದೆ ಪುರಸಭೆಯ ಕಿಟಕಿಯ ಮುಂದೆ ಸಾಲುಗಟ್ಟಿ ನಿಲ್ಲಬೇಕಾಗಿತ್ತು. ಈಗ ಮನೆಯಲ್ಲಿಯೇ ಕುಳಿತು ಕಟ್ಟುವ ಅನುಕೂಲವುಂಟು. ಅನುಕೂಲ ಬದಲಾಯಿತೇ ಹೊರತು ಆಡುವ ಮಾತು ಬದಲಾಗಲಿಲ್ಲ. "ಕಂದಾಯವೇನೋ ವರ್ಷವರ್ಷವೂ ಏರುತ್ತಿದೆ, ಬೀದಿಯ ಚರಂಡಿ ಮಾತ್ರ ಅಜ್ಜನ ಕಾಲದಲ್ಲಿದ್ದಂತೆಯೇ ಇದೆ. ಮೊದಲು ಕೆಲಸ ಮಾಡಿ ತೋರಿಸಲಿ, ಆಮೇಲೆ ಹಣ ಕೇಳಲಿ" ಎಂಬುದೇ ಆ ಮಾತು. ಇತ್ತ ಪುರಸಭೆಯವರನ್ನು ಕೇಳಿದರೆ, "ಊರಿಗೆ ಊರೇ ಬಾಕಿ ಉಳಿಸಿಕೊಂಡರೆ ಚರಂಡಿ ಬಳಿಯುವ ಪೌರಕಾರ್ಮಿಕರಿಗೆ ಸಂಬಳವನ್ನು ಎಲ್ಲಿಂದ ತರೋಣ? ಮೊದಲು ಹಣ ಕಟ್ಟಲಿ, ಆಮೇಲೆ ಕೆಲಸ ಕೇಳಲಿ" ಎನ್ನುವರು.

ಬೀಜ ಮೊದಲೋ ಮೊಳಕೆ ಮೊದಲೋ ಎಂಬ ಚರ್ಚೆ ಶಾಸ್ತ್ರಜ್ಞರಿಗೆ ಹೊಸದಲ್ಲ. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ ಎಂಬುದು ಅನಾದಿಯಾದ ಪ್ರವಾಹವಾದ್ದರಿಂದ ಅದು ದೋಷವಲ್ಲವೆಂದು ಅವರು ಒಪ್ಪಿದ್ದಾರೆ. ಆದರೆ ಇಬ್ಬರು ಒಬ್ಬರ ಕೈಯನ್ನೊಬ್ಬರು ನೋಡುತ್ತ ಸುಮ್ಮನೆ ಕುಳಿತರೆ ಅದು ಬೀಜಾಂಕುರವಲ್ಲ, ಅನ್ಯೋನ್ಯಾಶ್ರಯವೆಂಬ ದೋಷ; ಅದರಿಂದ ಯಾವುದೂ ಸಿದ್ಧಿಸುವುದಿಲ್ಲ. ಮನೆಗಂದಾಯದ ವಿಷಯದಲ್ಲಿ ಕನ್ನಡನಾಡಿನ ಪಟ್ಟಣಗಳ ಲೋಕಾಭಿಪ್ರಾಯ ಈ ದೋಷದಲ್ಲಿಯೇ ಸಿಕ್ಕಿಕೊಂಡಿದೆ. ಇದರಿಂದ ಬಿಡಿಸಿಕೊಂಡು ಹೊರಗೆ ಬರುವ ದಾರಿಯೊಂದು ಕಂದಾಯದ ರಶೀದಿಯಲ್ಲಿಯೇ ಅಚ್ಚಾಗಿದೆ. ಆದರೆ ರಶೀದಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುವವರೇ ಎಲ್ಲರೂ, ಓದುವವರು ಇಲ್ಲವೆನ್ನುವಷ್ಟು ಕಡಮೆ.

ಮೊದಲು ಗೃಹಸ್ಥರ ವಾದವನ್ನು ನೋಡತಕ್ಕದ್ದು. ಕಂದಾಯವು ಪದಾರ್ಥದ ಬೆಲೆಯಂತಲ್ಲ. ಕಾಸು ಕೊಟ್ಟು ಸೊಪ್ಪು ಕೊಳ್ಳುವವನು, ಸೊಪ್ಪು ಬಾಡಿದ್ದರೆ ಕಾಸು ಕೊಡುವುದಿಲ್ಲವೆನ್ನಬಹುದು. ತೆರಿಗೆ ಕೊಡುವವನು ಹಾಗೆನ್ನಲಾರ. ಈ ಭೇದವನ್ನು ದೇಶದ ಪರಮೋಚ್ಚ ನ್ಯಾಯಾಲಯವು 1954ರಲ್ಲಿಯೇ ವಿವರಿಸಿತು. ಆ ವ್ಯಾಜ್ಯ ಉಡುಪಿಯ ಶಿರೂರು ಮಠದ್ದು. ಮದರಾಸು ಸರ್ಕಾರದ ಧರ್ಮಾದಾಯ ಕಾನೂನನ್ನು ಮಠದ ಸ್ವಾಮಿಗಳು ಪ್ರಶ್ನಿಸಿದಾಗ, ತೆರಿಗೆ ಯಾವುದು, ಶುಲ್ಕ ಯಾವುದು ಎಂಬ ವಿಚಾರ ಬಂದಿತು. ತೆರಿಗೆಯೆಂಬುದು ಸಾರ್ವಜನಿಕ ಕಾರ್ಯಕ್ಕಾಗಿ ಎಲ್ಲರಿಂದಲೂ ಕಡ್ಡಾಯವಾಗಿ ಎತ್ತತಕ್ಕದ್ದು, ಕೊಟ್ಟವನಿಗೆ ಇಂತಹ ಉಪಕಾರವಾಯಿತೆಂದು ಲೆಕ್ಕ ತೋರಿಸಬೇಕಾದದ್ದಲ್ಲ; ಶುಲ್ಕವಾದರೋ ಒಂದು ವಿಶೇಷ ಸೇವೆಗೆ ಪ್ರತಿಯಾಗಿ ಕೊಡುವುದು, ಎಂದು ತೀರ್ಮಾನವಾಯಿತು. ಆದ್ದರಿಂದ "ನನ್ನ ಬೀದಿಯ ದೀಪ ಉರಿಯದಿದ್ದರೆ ನನ್ನ ಮನೆಯ ಕಂದಾಯವಿಲ್ಲ" ಎಂಬ ವಾದ ನ್ಯಾಯಸ್ಥಾನದಲ್ಲಿ ನಿಲ್ಲದು.

ಕಂದಾಯ ವಿಪರೀತವೆಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. ಐಶ್ವರ್ಯವಂತ ದೇಶಗಳಲ್ಲಿ ಆಸ್ತಿಯ ಮೇಲಿನ ತೆರಿಗೆಯು ರಾಷ್ಟ್ರೋತ್ಪನ್ನದ ನೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿದ್ದರೆ, ಭಾರತದಲ್ಲಿ ಅದು ಅದರ ಐದರಲ್ಲೊಂದು ಪಾಲನ್ನು ಮುಟ್ಟುವುದೇ ಕಷ್ಟ. ಮೇಲಾಗಿ ಈಗಿನ ಪದ್ಧತಿಯಲ್ಲಿ ಮನೆಯ ಅಳತೆಯನ್ನು ಒಡೆಯನೇ ಬರೆದುಕೊಡತಕ್ಕದ್ದು. ಬೆಂಗಳೂರಿನಲ್ಲಿ 2000ದಲ್ಲಿ ಮೊದಲಾದ ಈ ಸ್ವಯಂಘೋಷಣೆಯ ಕ್ರಮವು ತರುವಾಯ ಉಳಿದ ಪಟ್ಟಣಗಳಿಗೂ ಹರಡಿತು. ಗೃಹಸ್ಥನ ಮಾತನ್ನು ನಂಬಿ ನಡೆಯುವ ಈ ಕ್ರಮ ನಿಜವಾಗಿಯೂ ಗೌರವದ್ದು. ಆ ಗೌರವಕ್ಕೆ ವಿದ್ಯಾವಂತರು ಕೊಟ್ಟ ಮರ್ಯಾದೆಯೇನು? ಮೇಲಿನ ಮಹಡಿಯನ್ನು ಕಾಗದದಲ್ಲಿ ಕಟ್ಟದೆ ಬಿಟ್ಟವರು, ಮುಂದಿನ ಅಂಗಡಿಯನ್ನು ವಾಸದ ಕೋಣೆಯೆಂದು ಬರೆದವರು, ಮೂವತ್ತು ಅಡಿಯನ್ನು ಇಪ್ಪತ್ತೈದು ಮಾಡಿದವರು ಎಲ್ಲ ಊರುಗಳಲ್ಲಿಯೂ ಸಿಕ್ಕುತ್ತಾರೆ. ಮಕ್ಕಳಿಗೆ ಸತ್ಯಹರಿಶ್ಚಂದ್ರನ ಕಥೆ ಹೇಳುವ ಮನೆಗಳೂ ಇದರಲ್ಲಿ ಹೊರತಲ್ಲ.

ಇಷ್ಟರಿಂದ ಪುರಸಭೆಯವರ ಪಕ್ಷವೇ ಗೆದ್ದಿತೆಂದು ತಿಳಿಯಲಾಗದು. ಅವರ ಕಡೆಯ ಭಾಷಣಕಾರರು ಕಾಳಿದಾಸನನ್ನು ಸಾಕ್ಷಿಗೆ ಕರೆಯುವುದುಂಟು. ರಘುವಂಶದ ಮೊದಲ ಸರ್ಗದಲ್ಲಿ ಕವಿಯು ದಿಲೀಪನ ಕಂದಾಯವನ್ನು ಸೂರ್ಯನ ನೀರೆಳೆಯುವ ಕೆಲಸಕ್ಕೆ ಹೋಲಿಸಿದ್ದಾನೆ. ಎಳೆದುಕೊಂಡದ್ದು ಎಷ್ಟೋ ಮಡಿಯಾಗಿ ಮಳೆಯ ರೂಪದಿಂದ ಹಿಂದಕ್ಕೆ ಬರುತ್ತದೆಂಬುದು ಅಲ್ಲಿನ ಭಾವ. ಕಟ್ಟಡದ ಶಂಕುಸ್ಥಾಪನೆಯ ದಿನ ಈ ಹೋಲಿಕೆ ಬಹಳ ಚೆನ್ನಾಗಿ ಕೇಳುತ್ತದೆ. ಆದರೆ ಮಳೆ ಬಿದ್ದರೆ ಎಲ್ಲರಿಗೂ ಕಾಣುತ್ತದೆ, ಅಂಗಳ ತೋಯುತ್ತದೆ. ಪುರಸಭೆಯ ಮಳೆ ಯಾರ ಅಂಗಳದಲ್ಲಿ ಬಿದ್ದಿತೆಂಬುದೇ ಪ್ರಶ್ನೆ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಅನುದಾನಗಳಿಗೆ ಎರಡು ನಿಬಂಧನೆಗಳನ್ನು ಹಾಕಿತು. ಪಟ್ಟಣಸಂಸ್ಥೆಗಳು ತಪಾಸಣೆಯಾದ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂಬುದು ಒಂದು. ಆಸ್ತಿ ತೆರಿಗೆಗೆ ಕನಿಷ್ಠ ದರವನ್ನು ಗೊತ್ತುಮಾಡಿ, ರಾಜ್ಯದ ಉತ್ಪನ್ನ ಬೆಳೆದಂತೆ ವಸೂಲಿಯನ್ನೂ ಬೆಳೆಸಬೇಕೆಂಬುದು ಇನ್ನೊಂದು. ಎರಡನೆಯದು ಪ್ರತಿಯೊಂದು ಮನೆಗೂ ಮುಟ್ಟಿತು, ಅದರ ಮೇಲೆ ಗಲಾಟೆಯೂ ಆಯಿತು. ಮೊದಲನೆಯದು ಯಾರ ಗಮನಕ್ಕೂ ಬರಲಿಲ್ಲ. ಲೆಕ್ಕ ಕೇಳುವ ಹಕ್ಕು ಕೈಗೆ ಬಂದಾಗ ಸುಮ್ಮನಿದ್ದು, ದರ ಏರಿದಾಗ ಮಾತ್ರ ಕೂಗುವುದು ಎಂತಹ ಪೌರಪ್ರಜ್ಞೆ?

ಲೆಕ್ಕ ಕೇಳಬೇಕಾದ ಸದಸ್ಯರೇ ಇಲ್ಲದಿರುವುದೂ ಉಂಟು. 1993ರ ಜೂನ್ 1ರಿಂದ ಜಾರಿಯಲ್ಲಿರುವ 74ನೆಯ ತಿದ್ದುಪಡಿಯಂತೆ ಪಟ್ಟಣಸಭೆಯ ಆಯುಸ್ಸು 5 ವರ್ಷ, ಅದು ಮುಗಿಯುವುದರೊಳಗೆ ಹೊಸ ಚುನಾವಣೆ ನಡೆಯತಕ್ಕದ್ದೆಂದು ಸಂವಿಧಾನದಲ್ಲಿಯೇ ಬರೆದಿದೆ. ಬೆಂಗಳೂರಿನ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. 2025ರಲ್ಲಿ ಆ ಒಂದು ಪಾಲಿಕೆಯೇ ಐದಾಗಿ ಒಡೆಯಿತು. ಚಿಕ್ಕ ಊರುಗಳ ಪಾಡೂ ಬೇರೆಯಲ್ಲ: 2018ರಲ್ಲಿ ಗೆದ್ದ ಸದಸ್ಯರು, ಮೀಸಲಾತಿಯ ಪಟ್ಟಿಯ ವ್ಯಾಜ್ಯ ತೀರದೆ, 2020ರ ವರೆಗೆ ಅಧ್ಯಕ್ಷರಿಲ್ಲದೆ ಕುಳಿತದ್ದು ಹಲವು ಪುರಸಭೆಗಳ ಅನುಭವ. ಆ ಕಾಲದಲ್ಲಿಯೂ ಕಂದಾಯದ ವಸೂಲಿ ಒಂದು ದಿನ ನಿಲ್ಲಲಿಲ್ಲ.

ಇನ್ನು ರಶೀದಿಗೆ ಬರಬಹುದು. ಮನೆಗಂದಾಯದ ಮೊತ್ತದ ಕೆಳಗೆ ಮೂರು ಸಣ್ಣ ಸಾಲುಗಳಿರುತ್ತವೆ: ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ತೆರಿಗೆಯ ಮೇಲೆ ನೂರಕ್ಕೆ 15, 6 ಮತ್ತು 3ರಂತೆ ಇವು ಸೇರುತ್ತವೆ. 3,000 ರೂಪಾಯಿ ತೆರಿಗೆ ಕೊಡುವ ಮನೆಯವರು ಆರೋಗ್ಯಕ್ಕೆಂದು 450, ಪುಸ್ತಕಕ್ಕೆಂದು 180, ನಿರ್ಗತಿಕರಿಗೆಂದು 90 ರೂಪಾಯಿ ಪ್ರತ್ಯೇಕವಾಗಿ ಕೊಡುತ್ತಾರೆ. ಎಷ್ಟೋ ವಿದ್ಯಾವಂತ ಮನೆಗಳಲ್ಲಿ ಹೀಗೆ ಕೊಡುತ್ತಿರುವೆವೆಂಬ ಅರಿವೇ ಇಲ್ಲ. ವರ್ಷಕ್ಕೊಮ್ಮೆ ಸಾಹಿತ್ಯಸಮ್ಮೇಳನದಲ್ಲಿ ಪುಸ್ತಕಸಂಸ್ಕೃತಿ ಕ್ಷೀಣಿಸಿತೆಂದು ಮರುಗುವವರು, ತಾವು ಪ್ರತಿವರ್ಷವೂ ಪುಸ್ತಕಕ್ಕಾಗಿ ಹಣ ತೆರುತ್ತಿರುವುದನ್ನು ತಿಳಿಯರು!

ಈ ಕರ ಹೇಗೆ ಬಂದಿತೆಂಬುದನ್ನು ಒಂದಿಷ್ಟು ಹೇಳಬೇಕು. ಮನೆತೆರಿಗೆಯ ಜತೆಗೆ ಪುಸ್ತಕಾಲಯದ ಪಾಲನ್ನು ಸೇರಿಸಿ ಎತ್ತುವ ಕಾನೂನನ್ನು ಮದರಾಸು ಪ್ರಾಂತ್ಯ 1948ರಲ್ಲಿ ಮಾಡಿತು. ಅದರ ಹಿಂದೆ ಇದ್ದವರು ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ನರು, ಅವರು ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. ಮೈಸೂರು ರಾಜ್ಯ ತನ್ನ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವನ್ನು 1965ರಲ್ಲಿ ಮಾಡಿತು. ಪಟ್ಟಣಸಂಸ್ಥೆಯು ಕರವನ್ನು ತನ್ನ ತೆರಿಗೆಯ ಜತೆಗೆ ವಸೂಲು ಮಾಡಬೇಕು, ಮಾಡಿದ್ದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು ಎಂಬುದೇ ಅದರ ತಿರುಳು. ಗ್ರಂಥಪಾಲಕರ ಸಂಬಳ ಸರ್ಕಾರದ್ದಾದರೂ, ಪುಸ್ತಕ, ಪತ್ರಿಕೆ, ಕಟ್ಟಡ, ದೀಪ ಇವುಗಳಿಗೆಲ್ಲ ಕರದ ಹಣವೇ ಮುಖ್ಯ ಆಧಾರ. ಬಡವನ ಮಗನಿಗೂ ಪುಸ್ತಕ ಸಿಕ್ಕಬೇಕು, ಅದಕ್ಕೆ ಯಾರ ದಾನವನ್ನೂ ಕಾಯಬಾರದು ಎಂಬ ಉದಾರವಾದ ಆಲೋಚನೆ ಅದು.

ವಸೂಲಾದದ್ದು ಒಪ್ಪಿಸಲ್ಪಟ್ಟಿತೆ? ಬೆಂಗಳೂರಿನ ಪಾಲಿಕೆ ಗ್ರಂಥಾಲಯ ಕರವನ್ನು ಪೂರ್ತಿಯಾಗಿ ಒಪ್ಪಿಸದೆ ಬಾಕಿ ಉಳಿಸಿಕೊಂಡ ಸಂಗತಿ ವೃತ್ತಪತ್ರಿಕೆಗಳಲ್ಲಿ ಒಂದು ಸಲವಲ್ಲ, ಹಲವು ಸಲ ಪ್ರಕಟವಾಯಿತು. ಬಾಕಿಯ ಲೆಕ್ಕ ಕೋಟಿಗಳದ್ದು, ಅದೂ ನೂರಾರು. ಜಿಲ್ಲೆಗಳ ಪಟ್ಟಣಗಳಿಂದಲೂ ಇಂತಹ ದೂರುಗಳು ಬರುತ್ತಲೇ ಇವೆ. ಪುಸ್ತಕಕ್ಕೆಂದು ಹೆಸರು ಹೇಳಿ ಎತ್ತಿದ ಹಣ ಪೆಟ್ರೋಲಿಗೋ ಗುತ್ತಿಗೆದಾರನ ಬಿಲ್ಲಿಗೋ ಹೋದರೆ ಅದನ್ನು ಏನೆಂದು ಕರೆಯಬೇಕು?

ಧರ್ಮಶಾಸ್ತ್ರದಲ್ಲಿ ಇದಕ್ಕೆ ಹೆಸರುಂಟು. ಮನು ಹೇಳಿದ ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ರಾಜನ ಮುಂದೆ ಬರುವ ವ್ಯಾಜ್ಯದ ಬಗೆಗಳಲ್ಲಿ, ಮೊದಲನೆಯದು ಸಾಲ, ಎರಡನೆಯದು ನಿಕ್ಷೇಪ. ನಂಬಿ ಇಟ್ಟ ಒಡವೆಯನ್ನು ಇಟ್ಟುಕೊಂಡವನು ತನ್ನ ಕಷ್ಟಕ್ಕೆ ಬಳಸಿಕೊಳ್ಳುವಂತಿಲ್ಲ. ಬಳಸಿಕೊಂಡರೆ ಅವನು ಸಾಲಗಾರನಲ್ಲ, ಅಪರಾಧಿ. ಗ್ರಂಥಾಲಯ ಕರ ಪುರಸಭೆಯ ಆದಾಯವಲ್ಲ, ಅದರ ಕೈಯಲ್ಲಿಟ್ಟ ನಿಕ್ಷೇಪ. ತೆರಿಗೆಗೂ ಇದಕ್ಕೂ ಭೇದವಿರುವುದು ಇಲ್ಲಿಯೇ. ತೆರಿಗೆ ಯಾವ ಬೀದಿಗೆ ಹೋಯಿತೆಂದು ಪ್ರತಿಯೊಬ್ಬನೂ ಕೇಳಲಾರನೆಂದು ಮೇಲೆ ಒಪ್ಪಿದ್ದಾಯಿತು. ಹೆಸರಿಟ್ಟು ಎತ್ತಿದ ಕರವಾದರೋ ಆ ಹೆಸರಿನ ಕೆಲಸಕ್ಕೆ ಹೋಯಿತೆ ಎಂದು ಕೊಟ್ಟವನೂ ಕೇಳಬಹುದು, ಕೊಡದವನೂ ಕೇಳಬಹುದು.

ಪುರಸಭೆಯ ಕಡೆಯಿಂದ ಒಂದು ಸಮಾಧಾನ ಬರುವುದುಂಟು: ಸರ್ಕಾರದ ಅನುದಾನ ಹೊತ್ತಿಗೆ ಬರುವುದಿಲ್ಲ, ನೀರೆತ್ತುವ ಯಂತ್ರದ ವಿದ್ಯುಚ್ಛಕ್ತಿಯ ಬಾಕಿಯೇ ಬೆಟ್ಟದಷ್ಟಿದೆ, ಕಾರ್ಮಿಕರು ಹಸಿದಿರುವಾಗ ಪುಸ್ತಕಕ್ಕೆ ಹಣ ಕಳಿಸುವುದು ಹೇಗೆ, ಎಂದು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಪೌರಕಾರ್ಮಿಕರ ಸಂಬಳ ಒಂದು ದಿನವೂ ತಡವಾಗಬಾರದು. ಆದರೆ ಅದಕ್ಕೆ ಬೇಕಾದ ಹಣವನ್ನು ಬಾಕಿದಾರರಿಂದ, ಅದರಲ್ಲಿಯೂ ದೊಡ್ಡ ಬಾಕಿದಾರರಿಂದ ವಸೂಲು ಮಾಡುವುದು ಬಿಟ್ಟು, ಮೂಕವಾಗಿರುವ ಗ್ರಂಥಾಲಯದ ಪಾಲಿಗೆ ಕೈಹಾಕುವುದು ಸುಲಭವೆಂದು ಹಾಗೆ ಮಾಡುವರೇ ಹೊರತು ಗತಿಯಿಲ್ಲವೆಂದಲ್ಲ. ಪುಸ್ತಕಗಳು ಮುಷ್ಕರ ಹೂಡುವುದಿಲ್ಲ, ಓದುವವರು ಮೆರವಣಿಗೆ ತೆಗೆಯುವುದಿಲ್ಲ.

ಭಿಕ್ಷುಕರ ಕರದ ಕಥೆ ಇನ್ನೂ ಕಠೋರ. ಭಿಕ್ಷಾಟನೆಯನ್ನು ನಿಷೇಧಿಸಿದ 1975ರ ಕಾನೂನಿನಿಂದ ಬಂದ ಕರವಿದು. ಬೀದಿಯಿಂದ ಕರೆತಂದ ನಿರ್ಗತಿಕರಿಗೆ ಅನ್ನ, ಬಟ್ಟೆ, ಔಷಧ ಒದಗಿಸುವುದು ಉದ್ದೇಶ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅನೇಕರು ಸತ್ತ ಸುದ್ದಿ ನಾಡನ್ನೆಲ್ಲ ಕಲಕಿತು. ಮನೆಮನೆಯವರೂ ಅವರ ಹೆಸರಿನಲ್ಲಿ ಹಣ ಕಟ್ಟುತ್ತಿದ್ದ ವರ್ಷವದು. ಕಟ್ಟಿದವರಲ್ಲಿ ಎಷ್ಟು ಮಂದಿ ರಶೀದಿಯನ್ನು ತೆರೆದು ನೋಡಿದರು?

ಕನ್ನಡನಾಡಿನ ಹಿಂದಿನ ಆಡಳಿತಗಳೆಲ್ಲ ಧರ್ಮರಾಜ್ಯವಾಗಿದ್ದುವೆಂದು ಹೇಳುವುದು ಅತಿಶಯೋಕ್ತಿ. ಮನೆದೆರೆ, ಮಗ್ಗದೆರೆ, ಗಾಣದೆರೆಗಳೆಂದು ಶಾಸನಗಳಲ್ಲಿ ಕಾಣುವ ತೆರೆಗಳ ಪಟ್ಟಿಯನ್ನು ಓದಿದರೆ ಆಗಿನ ಒಕ್ಕಲೂ ನರಳಿರಬೇಕೆಂದೇ ತೋರುತ್ತದೆ. ಆದರೆ ಒಂದು ವಿಷಯದಲ್ಲಿ ಆ ಕಾಲದವರು ಈಗಿನವರಿಗಿಂತ ನೇರವಾಗಿದ್ದರು. ಇಂತಹ ತೆರೆಯನ್ನು ಇಂತಹ ಕೆರೆಗೆ, ಇಂತಹ ಛತ್ರಕ್ಕೆ, ಇಂತಹ ವಿದ್ಯಾಸ್ಥಾನಕ್ಕೆ ಬಿಟ್ಟೆವೆಂದು ನಿರ್ಧರಿಸಿದರೆ, ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಕೆರೆಯ ಏರಿಯ ಮೇಲೆಯೋ ಗುಡಿಯ ಮುಂದೆಯೋ ನಿಲ್ಲಿಸುತ್ತಿದ್ದರು. ಕೆರೆ ಕಟ್ಟಿಸಿದವನಿಗೆ ಕಟ್ಟುಕೊಡಗೆ, ಕೆರೆಯ ರಕ್ಷಣೆಗೆ ಬಿತ್ತುವಟ್ಟ, ದಶವಂದ ಎಂದು ಹೆಸರಿಟ್ಟು ಬಿಟ್ಟ ಭೂಮಿಗಳ ವಿವರ ಬಿ. ಎಲ್. ರೈಸ್ ಮೊದಲುಗೊಂಡು ಅಚ್ಚುಮಾಡಿಸಿದ ಶಾಸನಸಂಪುಟಗಳ ತುಂಬ ಇದೆ. ಕೊನೆಗೆ, ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂದು ಶಾಪವನ್ನೂ ಬರೆಸುತ್ತಿದ್ದರು. ಈಗಿನ ಲೆಕ್ಕತಪಾಸಣೆಯ ವರದಿಯಲ್ಲಿ ಶಾಪದ ಸಾಲು ಇಲ್ಲ, ಕಲ್ಲಂತೂ ಇಲ್ಲವೇ ಇಲ್ಲ.

"ಗ್ರಂಥಾಲಯಕ್ಕೆ ಈಗ ಯಾರು ಹೋಗುತ್ತಾರೆ? ಎಲ್ಲವೂ ಮೊಬೈಲಿನಲ್ಲಿಯೇ ಸಿಕ್ಕುವುದಲ್ಲ" ಎನ್ನುವವರು ವಿದ್ಯಾವಂತರಲ್ಲಿಯೇ ಹೆಚ್ಚು. ಅವರು ತಮ್ಮ ಊರಿನ ವಾಚನಾಲಯದ ಬಾಗಿಲನ್ನು ಎಷ್ಟು ವರ್ಷದಿಂದ ನೋಡಿಲ್ಲವೋ! ಬೆಳಗ್ಗೆ ಬಾಗಿಲು ತೆರೆಯುವುದಕ್ಕೆ ಮೊದಲೇ ಮೆಟ್ಟಿಲ ಮೇಲೆ ಕುಳಿತಿರುವ ಹುಡುಗ ಹುಡುಗಿಯರನ್ನು ಅವರು ಕಂಡಿದ್ದರೆ ಹಾಗೆನ್ನುತ್ತಿರಲಿಲ್ಲ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು ಅವರು. ಒಂದೇ ಕೋಣೆಯ ಮನೆಯಲ್ಲಿ ಅವರಿಗೆ ಓದಲು ಜಾಗವಿಲ್ಲ, ನೂರಾರು ರೂಪಾಯಿಯ ಪುಸ್ತಕ ಕೊಳ್ಳಲು ಶಕ್ತಿಯಿಲ್ಲ. ಎರಡು ವರ್ಷ ಹಿಂದಿನ ವಾರ್ಷಿಕಕೋಶವನ್ನು ನಾಲ್ಕು ಜನ ಹಂಚಿಕೊಂಡು ಓದುತ್ತಾರೆ. ಕುರ್ಚಿ ಸಾಲದೆ ಕೆಲವರು ನೆಲದ ಮೇಲೆ. ಈ ಮಕ್ಕಳಿಗೆ ಸಲ್ಲಬೇಕಾದದ್ದೇ ಆ 180 ರೂಪಾಯಿ. ಅಂತಹ ಹತ್ತು ಸಾವಿರ ಮನೆಗಳಿರುವ ಪಟ್ಟಣವೊಂದನ್ನು ಊಹಿಸಿದರೆ ವರ್ಷಕ್ಕೆ 18 ಲಕ್ಷ ರೂಪಾಯಿ. 200 ರೂಪಾಯಿಗೊಂದರಂತೆ 9,000 ಪುಸ್ತಕ. ಇಷ್ಟು ಪುಸ್ತಕ ಯಾವ ಪಟ್ಟಣಕ್ಕೆ ಯಾವ ವರ್ಷ ಬಂದಿತು?

ಕನ್ನಡದಲ್ಲಿ ಬರೆಯುವವರಿಗೂ ಅಚ್ಚುಹಾಕಿಸುವವರಿಗೂ ಇದರಿಂದಾಗುವ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಂಥಾಲಯ ಇಲಾಖೆ ಏಕಗವಾಕ್ಷಿಯೆಂಬ ಯೋಜನೆಯಲ್ಲಿ ಆಯ್ದ ಪುಸ್ತಕದ 300 ಪ್ರತಿಗಳನ್ನು ಕೊಳ್ಳುತ್ತಿದ್ದ ಕಾಲದಲ್ಲಿ, ಎಷ್ಟೋ ಕವನಸಂಗ್ರಹಗಳೂ ಸಂಶೋಧನಗ್ರಂಥಗಳೂ ಆ ಭರವಸೆಯ ಮೇಲೆಯೇ ಅಚ್ಚಾದುವು. ಕೊಳ್ಳುವುದು ವರ್ಷಗಟ್ಟಲೆ ತಡವಾಗುತ್ತಿದೆ, ಕೊಂಡದ್ದಕ್ಕೆ ಹಣ ಬರುತ್ತಿಲ್ಲ ಎಂದು ಪ್ರಕಾಶಕರು ಗೋಳಿಡುತ್ತಲೇ ಇದ್ದಾರೆ. ಅವರು ಮಂತ್ರಿಗಳಿಗೆ ಮನವಿ ಸಲ್ಲಿಸುವರು. ಮೂಲದಲ್ಲಿ ನೀರು ಕಟ್ಟಿ ನಿಂತಿರುವ ತೂಬಿನ ಕಡೆಗೆ ನೋಡುವುದಿಲ್ಲ.

ಹಳ್ಳಿಗಳಿಂದ ಕಲಿಯತಕ್ಕದ್ದೂ ಉಂಟು. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದರು. ಈಗ ಅವುಗಳಿಗೆ ಅರಿವು ಕೇಂದ್ರಗಳೆಂದು ಹೆಸರು. ಮೇಲ್ವಿಚಾರಕರ ಸಂಭಾವನೆ ಇನ್ನೂ ಅಲ್ಪವೇ, ಎಲ್ಲ ಕಡೆಯೂ ಕೆಲಸ ಸಮವಾಗಿಲ್ಲ. ಆದರೂ ಬೀಗ ಬಿದ್ದಿದ್ದ ಎಷ್ಟೋ ಕೋಣೆಗಳು ತೆರೆದು, ಸುಣ್ಣ ಕಂಡು, ಮಕ್ಕಳು ಒಳಗೆ ಬಂದರು. ಊರಿನವರು ತಮ್ಮದೆಂದು ನೋಡುವಷ್ಟು ಹತ್ತಿರದಲ್ಲಿ ಅಧಿಕಾರವೂ ಹಣವೂ ಇದ್ದರೆ ಕೆಲಸ ನಡೆಯುತ್ತದೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಪಟ್ಟಣದ ವಿದ್ಯಾವಂತ ಗೃಹಸ್ಥರು ಮಾಡತಕ್ಕದ್ದೇನು? ಕಂದಾಯ ಕಟ್ಟುವುದಿಲ್ಲವೆಂದು ಹಟ ಹಿಡಿಯುವುದಲ್ಲ. ಕಟ್ಟದವನಿಗೆ ಕೇಳುವ ಬಾಯಿ ಇರುವುದಿಲ್ಲ. ಮನೆಯ ಅಳತೆಯನ್ನು ಇದ್ದಂತೆ ಬರೆದು, ಪೂರ್ತಿ ಕಟ್ಟಿ, ರಶೀದಿಯನ್ನು ಕೈಯಲ್ಲಿ ಹಿಡಿದು ಕೇಳಬೇಕು. ಮಾಹಿತಿ ಹಕ್ಕಿನ ಕಾನೂನು 2005ರಿಂದ ಇದೆ. ಹತ್ತು ರೂಪಾಯಿಯ ಶುಲ್ಕ, ಒಂದು ವಿಷಯ, 150 ಪದಗಳೊಳಗಿನ ಅರ್ಜಿ, 30 ದಿನಗಳ ಗಡುವು. ಶಾಲೆಯ ಮಕ್ಕಳ ಪ್ರಬಂಧಕ್ಕಿಂತ ಕಷ್ಟವಾದದ್ದೇನೂ ಅಲ್ಲ. ಕಳೆದ ಐದು ವರ್ಷಗಳಲ್ಲಿ ಗ್ರಂಥಾಲಯ ಕರವೆಂದು ಎಷ್ಟು ವಸೂಲಾಯಿತು, ಅದರಲ್ಲಿ ಎಷ್ಟು ಒಪ್ಪಿಸಲಾಯಿತು ಎಂದು ಪುರಸಭೆಗೆ ಒಂದು ಅರ್ಜಿ. ಅದೇ ಐದು ವರ್ಷಗಳಲ್ಲಿ ಆ ಪುರಸಭೆಯಿಂದ ಎಷ್ಟು ಬಂದಿತು ಎಂದು ಗ್ರಂಥಾಲಯ ಪ್ರಾಧಿಕಾರಕ್ಕೆ ಇನ್ನೊಂದು. ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು, ವ್ಯತ್ಯಾಸವನ್ನು ಊರಿನ ವಾಚನಾಲಯದ ಹಲಗೆಯ ಮೇಲೆ ಬರೆದು ತೂಗುಹಾಕಬಹುದು. ಪ್ರತಿಯೊಂದು ತಾಲ್ಲೂಕಿನ ಸಾಹಿತ್ಯಸಂಘಕ್ಕೂ ಇದು ಒಂದು ತಿಂಗಳ ಕೆಲಸ. ಸನ್ಮಾನಸಮಾರಂಭಕ್ಕೆ ತಗಲುವ ಹೂವಿನ ಹಾರದ ಖರ್ಚಿಗಿಂತಲೂ ಇದರ ಖರ್ಚು ಕಡಮೆ.

ಆಯವ್ಯಯದ ಅಂದಾಜು ಸಿದ್ಧವಾಗುವ ಮೊದಲು ಪುರಸಭೆಗಳು ಸಾರ್ವಜನಿಕರ ಸಲಹೆ ಕೇಳಲು ಸಭೆ ಕರೆಯುವ ವಾಡಿಕೆಯುಂಟು. ಆ ಸಭೆಗೆ ಬರುವವರು ಬೆರಳೆಣಿಕೆಯಷ್ಟು, ಬಂದವರೂ ತಮ್ಮ ಬೀದಿಯ ದೀಪದ ಮಾತಾಡಿ ಎದ್ದುಹೋಗುವರು. ಅಲ್ಲಿ ಹಂಚುವ ಪುಸ್ತಕದಲ್ಲಿ ಗ್ರಂಥಾಲಯ ಕರ ಎಂಬ ಹೆಸರು ಎರಡು ಕಡೆ ಬರುತ್ತದೆ, ಜಮಾ ಕಡೆ ಒಂದು ಸಾಲು, ಖರ್ಚಿನ ಕಡೆ ಒಂದು ಸಾಲು. ಮುಂದಿನ ಸಭೆ ಸೇರುವುದರೊಳಗೆ ಆ ಎರಡು ಸಾಲುಗಳ ಅಂಕಿಗಳನ್ನು ಹಿಂದಿನ ವರ್ಷಗಳ ಪುಸ್ತಕದೊಡನೆ ಹೋಲಿಸಿ ನೋಡಿಕೊಂಡು, ಮುಖ್ಯಾಧಿಕಾರಿಗಳ ಮುಂದೆ ಎದ್ದುನಿಂತು ಕೇಳುವವರು ಊರಿಗೆ ಇಬ್ಬರಾದರೂ ಬೇಕು.